ಕೂಸನ್ನು ಅವರ ಕೈಗೂ ಕೊಡು

ಮಗಳಿಗೆ ಅವ್ವನ ಆಶೀರ್ವಾದಗಳು.

ಇತ್ತ ಬಾಗಲಕೋಟೆಯಲ್ಲಿ ನಾವು ಕ್ಷೇಮ. ನಿಮ್ಮಪ್ಪನ ಮೊಣಕಾಲು ನೋವು ಇದ್ದಲ್ಲಿಯೇ ಇದೆ, ಅದನ್ನೂ ಕ್ಷೇಮದಲ್ಲಿಯೇ ಸೇರಿಸಿಕೊ.

ದಿನವೂ ಫೋನಿನಲ್ಲಿ ಮಾತನಾಡುವವಳು ಪತ್ರ ಬರೆಯುವುದೇಕೆ ಎಂದು ನಗಬೇಡ. ನೀನು ಫೋನ್ ಎತ್ತಿದಾಗ ಒಂದು ಮಗ್ಗುಲಲ್ಲಿ ನಿಮ್ಮ ಅತ್ತೆ ಇರುತ್ತಾರೆ, ಇನ್ನೊಂದು ಮಗ್ಗುಲಲ್ಲಿ ಕೂಸು ಇರುತ್ತದೆ. ಇತ್ತ ನಿಮ್ಮಪ್ಪ ಸ್ಪೀಕರ್ ಹಾಕಿಸಿಕೊಂಡು ಎದುರಿಗೇ ಕುಳಿತಿರುತ್ತಾರೆ. ಇಷ್ಟು ಜನರ ನಡುವೆ ತಾಯಿ ಮಗಳು ಆಡಬಹುದಾದದ್ದು ಊಟ ಆಯಿತೇ, ಮಳೆ ಬಂತೇ ಎಂಬ ಮಾತು ಮಾತ್ರ. ನಿನ್ನ ತಮ್ಮ ಶನಿವಾರ ಬೆಳಗಾವಿಗೆ ಹೊರಟಿದ್ದಾನೆ. ಉಂಡಿಯ ಡಬ್ಬಿಯೊಳಗೆ ಮೇಲೆಯೇ ಈ ಕಾಗದ ಇಟ್ಟಿದ್ದೇನೆ. ಒಬ್ಬಳೇ ಇದ್ದಾಗ ಓದು.

ಉಂಡಿ ಅಂಟಿನದು. ಅಂಟನ್ನು ತುಪ್ಪದಲ್ಲಿ ಚೆನ್ನಾಗಿ ಅರಳಿಸಿದ್ದೇನೆ, ಹಲ್ಲಿಗೆ ಹತ್ತುವುದಿಲ್ಲ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಎಲ್ಲವೂ ಇದೆ. ಬಾಣಂತನ ಮುಗಿಯಿತು, ಇನ್ನೇಕೆ ಎನ್ನಬೇಡ. ಹಾಲು ಕುಡಿಸುವವಳ ಹಸಿವು ಬಾಣಂತಿಯ ಹಸಿವಿಗಿಂತ ಹೆಚ್ಚು. ಮುಂಜಾನೆ ಒಂದು, ಸಂಜೆ ಒಂದು ತಿನ್ನು. ಬಂದವರಿಗೆಲ್ಲ ಹಂಚಿ ಡಬ್ಬಿ ತೊಳೆದಿಡಬೇಡ. ನಿನ್ನ ಗುಣ ನನಗೆ ಗೊತ್ತು.

ಕೌದಿ ಚಿಕ್ಕದಾಯಿತು ಎಂದಿದ್ದೆಯಲ್ಲ, ಇನ್ನೆರಡು ಹೊಲಿದಿದ್ದೇನೆ. ಒಂದರಲ್ಲಿ ನನ್ನ ಹಳೆಯ ಇಳಕಲ್ ಸೀರೆಯ ಮೈ ಇದೆ, ಒಳಗೆ ನಿಮ್ಮಪ್ಪನ ಧೋತರ. ಹಳೆಯ ಅರಿವೆಯಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗುವುದಿಲ್ಲ. ಗುಳೇದಗುಡ್ಡದ ಖಣದ ಕುಲಾವಿಯೂ ಒಂದಿದೆ. ಅದನ್ನು ದಿನಾಲು ಹಾಕಬೇಡ, ಕೂಸಿಗೆ ಚುಚ್ಚುತ್ತದೆ. ನಿಮ್ಮ ಅತ್ತೆಯವರು ನೋಡಿ ಸಂತೋಷಪಡಲಿ ಎಂದು ಹೊಲಿದದ್ದು.

ಲಂಗೋಟಿ ಒಣಗುವುದಿಲ್ಲ ಎಂಬ ನಿನ್ನ ಗೋಳು ಈಗ ಅರ್ಥವಾಯಿತು. ಇಲ್ಲಿ ಬೇಸಿಗೆಯಲ್ಲಿ ಹಗ್ಗಕ್ಕೆ ಹಾಕಿ ಹಿಂದಿರುಗುವಷ್ಟರಲ್ಲಿ ಒಣಗುತ್ತಿದ್ದವು. ನಾನು ಅಲ್ಲಿಗೆ ಬಂದಿದ್ದಾಗ ನೋಡಿದೆನಲ್ಲ, ಆ ಊರಿನ ಮಳೆ ಜೋರಾಗಿ ಸುರಿದು ಹೋಗುವ ಮಳೆಯಲ್ಲ, ಮುಂಜಾನೆಯಿಂದ ರಾತ್ರಿಯವರೆಗೆ ಜಿನುಗುವ ಮಳೆ. ಒಣಗಿದಂತೆ ಕಾಣುವ ಅರಿವೆಯನ್ನು ಗಲ್ಲಕ್ಕೆ ಹಿಡಿದು ನೋಡು. ತಣ್ಣಗಿದ್ದರೆ ಒಳಗೆ ಪಸೆ ಇದೆ ಎಂದೇ ಅರ್ಥ. ಅದರಿಂದಲೇ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಏಳುವುದು. ಇಸ್ತ್ರಿ ಮಾಡಿ ಕಟ್ಟು. ರಾತ್ರಿ ಡೈಪರ್ ಹಾಕಿದರೆ ನಿನ್ನ ತಾಯ್ತನಕ್ಕೆ ಕುಂದೇನೂ ಬರುವುದಿಲ್ಲ, ಯಾರು ಏನೇ ಹೇಳಲಿ. ಆದರೆ ಅರಿವೆ ಒಣಗಿಸಲೆಂದು ಕೋಣೆಯಲ್ಲಿ ಕೆಂಡ ಇಡುವುದು, ಕೂಸಿಗೆ ಲೋಬಾನದ ಹೊಗೆ ಕೊಡುವುದು ಬೇಡ. ನಮ್ಮ ಆಯಿ ಕೊಡುತ್ತಿದ್ದರು, ನಾವು ಬದುಕಿದೆವು, ನಿಜ. ಅಂಗನವಾಡಿಯಲ್ಲಿ ಇಷ್ಟು ವರ್ಷ ಓಣಿಯ ಮಕ್ಕಳ ತೂಕ ಹಾಕಿದವಳು ನಾನು. ಹೊಗೆಗೆ ಕೆಮ್ಮುವ ಕೂಸುಗಳನ್ನೂ ಕಂಡಿದ್ದೇನೆ.

ಇನ್ನು ಕಾಗದ ಬರೆಯಲು ಕುಳಿತ ವಿಷಯ.

ನೀನು ಪ್ರತಿ ಸಲ ಹೇಳುವುದು ಒಂದೇ: "ಅವರು ಏನೂ ಮಾಡುವುದಿಲ್ಲ ಅವ್ವ, ಬಂದವರೇ ಮೊಬೈಲ್ ಹಿಡಿದು ಕೂರುತ್ತಾರೆ." ಮಗಳ ಮಾತು ಕೇಳಿ ತವರಿನವರು ಸಿಟ್ಟಾಗುವುದು ಲೋಕರೂಢಿ. ನಾನೂ ಸಿಟ್ಟಿನಲ್ಲಿಯೇ ಬಸ್ ಹತ್ತಿ ಬಂದಿದ್ದೆ. ಆದರೆ ಅಲ್ಲಿ ನಾನು ಕಂಡದ್ದನ್ನು ನಿನಗೆ ಹೇಳಿಲ್ಲ, ಈಗ ಹೇಳುತ್ತೇನೆ.

ಅಳಿಯಂದಿರು ಉದ್ಯಮಬಾಗದಿಂದ ಎರಡನೇ ಪಾಳಿ ಮುಗಿಸಿ ಬಂದಾಗ ಮಧ್ಯರಾತ್ರಿ ಆಗಿತ್ತು. ನೀನು ಒಳಗೆ ಅಡ್ಡಾಗಿದ್ದೆ, ನಾನು ಹೊರಗಿನ ಕೋಣೆಯಲ್ಲಿ ಎಚ್ಚರವಿದ್ದೆ. ಅವರು ಬಚ್ಚಲಿಗೆ ಹೋಗಿ ಕೈ ತೊಳೆದರು. ಮತ್ತೆ ತೊಳೆದರು. ಉಗುರಿನ ಸಂದಿಯ ಕಪ್ಪನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ದೀಪದ ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ತಿಕ್ಕಿದರು. ಫೌಂಡ್ರಿಯ ಮರಳು ಮಸಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅಂಗಿ ಬದಲಿಸಿ, ಸದ್ದಾಗದಂತೆ ತೊಟ್ಟಿಲ ಹತ್ತಿರ ಬಂದು ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡದ್ದಾದರೂ ಹೇಗೆ! ಕಾದ ಕಬ್ಬಿಣ ತುಂಬಿದ ಮೂಸೆ ಹಿಡಿದವರಂತೆ ಮೈಯಿಂದ ದೂರವಾಗಿ, ಉಸಿರು ಬಿಗಿಹಿಡಿದು. ಕೂಸು ಒಂದು ಸಲ "ಊಂ" ಎಂದಿತು. ಅಷ್ಟಕ್ಕೇ ನೀನು ಎದ್ದು ಬಂದು, "ಹಾಗೆ ಹಿಡಿಯುತ್ತಾರೇನು, ಕತ್ತು ನೋಡಿ" ಎಂದು ಕಸಿದುಕೊಂಡೆ. ನಿಮ್ಮ ಅತ್ತೆಯವರು ಹಾಸಿಗೆಯಿಂದಲೇ, "ಗಂಡಸರಿಗೆ ಅದೆಲ್ಲ ಏನು ತಿಳಿಯುತ್ತದೆ, ಬಿಡು" ಎಂದರು. ಅಳಿಯಂದಿರು ಬರಿಗೈಯಲ್ಲಿ ನಿಂತರು. ಆಮೇಲೆ ಮೂಲೆಗೆ ಹೋಗಿ ಕುಳಿತು ಮೊಬೈಲ್ ತೆಗೆದರು.

ಆ ಮೊಬೈಲ್ ಅವರ ಕೈಗೆ ಬಂದದ್ದು ಕೂಸು ಕೈಯಿಂದ ಹೋದ ಮೇಲೆ. ಈ ಕ್ರಮವನ್ನು ನೀನು ಗಮನಿಸಿಲ್ಲ.

ಮೂರೂವರೆ ತಿಂಗಳು ದಾಟಿದ ಕೂಸು ಕತ್ತು ನಿಲ್ಲಿಸುತ್ತಿದೆ, ಒಂದು ಅಂಗೈ ಆಸರೆ ಸಾಕು. ಅವರಿಗೆ ಅದು ಬರುವುದಿಲ್ಲ ಎಂದರೆ, ನಿನಗೂ ಹುಟ್ಟುತ್ತಲೇ ಬಂದಿರಲಿಲ್ಲ. ಇಲ್ಲಿ ಮೊದಲ ದಿನ ಎರೆಯುವಾಗ ನೀನು ಹೆದರಿ ಕೋಣೆಯಿಂದ ಹೊರಗೆ ಹೋಗಿದ್ದೆ. ಎರೆಯಲು ಬರುತ್ತಿದ್ದ ಮುದುಕಿ ನಿನ್ನನ್ನು ನೋಡಿ ನಕ್ಕದ್ದು ನೆನಪಿದೆಯೇ? ನಿನಗೆ ಮೂರು ತಿಂಗಳು ತವರಿನಲ್ಲಿ ಕಲಿಯಲು ಸಿಕ್ಕಿತು. ಅಷ್ಟೂ ದಿನ ಅವರು ವಾರಕ್ಕೊಮ್ಮೆ ಬಂದು, ನೆಂಟರ ಹಾಗೆ ಚಹಾ ಕುಡಿದು, ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ನೋಡಿ ಹೋದವರು. ಸರಕಾರಿ ನೌಕರರಾದರೆ ಹೆಂಡತಿಯ ಹೆರಿಗೆಗೆ 15 ದಿನ ಪಿತೃತ್ವ ರಜೆ ಇದೆ. ಅವರ ಕಾರ್ಖಾನೆಯಲ್ಲಿ ಅದೂ ಇಲ್ಲ. ಬಾಣಂತನ ತವರಿನಲ್ಲಿ ಆಗುವುದು ಒಳ್ಳೆಯದೇ, ಆದರೆ ಆ ಪದ್ಧತಿಯಲ್ಲಿ ತಂದೆಯೊಬ್ಬರು ಹೊರಗೇ ಉಳಿಯುತ್ತಾರೆ. ಇದನ್ನು ನಮ್ಮ ಹಿರಿಯರು ಯೋಚಿಸಿದಂತೆ ಕಾಣುವುದಿಲ್ಲ.

ನಿಮ್ಮಪ್ಪನ ಕಾಲದಲ್ಲಂತೂ ಹಿರಿಯರ ಎದುರಿಗೆ ಹೆತ್ತ ಕೂಸನ್ನು ಎತ್ತಿಕೊಳ್ಳುವುದೇ ನಾಚಿಕೆಗೇಡು. ಅಣ್ಣನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ತಿರುಗುತ್ತಿದ್ದವರು, ನೀನು ಹುಟ್ಟಿದ ಮೇಲೆ ತಮ್ಮ ಅಪ್ಪನ ಮುಂದೆ ನಿನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹಳೆ ಊರಿನ ಮನೆ, ನಿನಗೆ ನೆನಪಿರಲಿಕ್ಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದು ಮುಳುಗಡೆಯಾಗಿ ನಾವು ನವನಗರಕ್ಕೆ ಬಂದಾಗ ನೀನು ಚಿಕ್ಕವಳು. ಆ ಮನೆಗೆ ದೊಡ್ಡ ಮಾಳಿಗೆ ಇತ್ತು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುವುದು. ಎಲ್ಲರಿಗೂ ನಿದ್ದೆ ಹತ್ತಿದ ಮೇಲೆ ನಿಮ್ಮಪ್ಪ ಕತ್ತಲಲ್ಲಿ ನಿನ್ನನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡು ಮಾಳಿಗೆಯ ತುದಿಗೆ ಹೋಗುತ್ತಿದ್ದರು. ಜೋಗುಳ ಬಾರದು. ಕಂಡಕ್ಟರ್ ಕೆಲಸದಲ್ಲಿ ಬಾಯಿಗೆ ಬಂದದ್ದು ಒಂದೇ. "ಗದ್ದನಕೇರಿ, ತುಳಸಿಗೇರಿ, ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ, ಬೆಳಗಾವಿ" ಎಂದು ಮೆಲ್ಲಗೆ ಹೇಳುತ್ತ ಅತ್ತಿಂದಿತ್ತ ನಡೆಯುವುದು. ಬೆಳಗಾವಿ ಮುಟ್ಟಿದರೂ ನೀನು ಮಲಗದಿದ್ದರೆ ಅಲ್ಲಿಂದ ತಿರುಗಿ ನೇಸರಗಿ, ಯರಗಟ್ಟಿ. ಹೆಚ್ಚಿನ ರಾತ್ರಿ ನೀನು ಲೋಕಾಪುರಕ್ಕೇ ಇಳಿದುಬಿಡುತ್ತಿದ್ದೆ. ನಾನು ಕಣ್ಣು ಮುಚ್ಚಿ, ಮಲಗಿದವಳಂತೆ ಕೇಳುತ್ತಿದ್ದೆ. "ಸರಿಯಾಗಿ ಹಿಡಿಯಿರಿ" ಎಂದು ಒಂದು ಮಾತು ಆಡಿದ್ದರೂ ನಾಚಿ ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. ನಮ್ಮ ಅತ್ತೆಯವರಿಗೂ ಎಚ್ಚರವಿರುತ್ತಿತ್ತು ಎಂದು ನನ್ನ ಗುಮಾನಿ. ಅವರೂ ಸುಮ್ಮನಿದ್ದರು, ಪುಣ್ಯಾತ್ಗಿತ್ತಿ.

ಅದಕ್ಕೇ ಹೇಳುತ್ತೇನೆ: ದಿನಕ್ಕೊಂದು ತಾಸು ಕೂಸನ್ನು ಅವರ ಕೈಗೆ ಕೊಟ್ಟು ನೀನು ಆ ಕೋಣೆಯಿಂದ ಹೊರಗೆ ಹೋಗು. ಬಾಗಿಲ ಮರೆಯಲ್ಲಿ ನಿಂತು ಇಣುಕಬೇಡ. ಹೊಟ್ಟೆ ತುಂಬ ಹಾಲು ಕುಡಿಸಿ ಕೊಡು, ಆಗ ಹಸಿವೆಯ ಅಳು ಇರುವುದಿಲ್ಲ. ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು ಅವರ ಕೆಲಸವಾಗಲಿ. ಅಗಲವಾದ ಹೆಗಲು, ಅದಕ್ಕೆ ಹೇಳಿ ಮಾಡಿಸಿದಂತಿದೆ. ಲಂಗೋಟಿ ಸೊಟ್ಟಗೆ ಕಟ್ಟಿದರೆ ಸೊಟ್ಟಗೇ ಇರಲಿ. ಒದ್ದೆಯಾಗುವುದು ಅವರ ಅಂಗಿಯೇ, ಎರಡು ದಿನದಲ್ಲಿ ತಾವೇ ಕಲಿಯುತ್ತಾರೆ. ನಿಮ್ಮ ಅತ್ತೆಯವರು ಕಸಿದುಕೊಳ್ಳಲು ಬಂದರೆ ಆ ಹೊತ್ತಿಗೆ ಅವರನ್ನು ಅಡುಗೆಮನೆಗೆ ಕರೆದು ಏನಾದರೂ ಕೇಳು. ಬದನೆಕಾಯಿಗೆ ಮಸಾಲೆ ಹೇಗೆ ತುಂಬುವುದು ಎಂದು ಕೇಳಿದರೆ ಸಾಕು, ಅರ್ಧ ತಾಸು ಕಳೆಯುತ್ತದೆ. ಇದನ್ನು ಮೋಸ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ.

14 ವಾರದ ಸೂಜಿ ಹಾಕಿಸಲು ಅವರೇ ರಜೆ ಹಾಕಿ ಬಂದರು, ಆದರೆ ಸೂಜಿ ಕಂಡೊಡನೆ ಗೋಡೆಯತ್ತ ತಿರುಗಿ ನಿಂತರು ಎಂದು ನಗುತ್ತ ಹೇಳಿದೆ. ಕಬ್ಬಿಣ ಕರಗಿಸುವವರು ಕೂಸಿನ ತೊಡೆಗೆ ಸೂಜಿ ಚುಚ್ಚುವುದನ್ನು ನೋಡಲಾರರು ಎಂದರೆ, ಅದರಲ್ಲಿ ನಗುವುದು ಅರ್ಧ ಮಾತ್ರ. ತಾಯಿ ಕಾರ್ಡನ್ನು ಅವರ ವಶಕ್ಕೇ ಕೊಡು. ಮುಂದಿನದು ಒಂಬತ್ತು ತಿಂಗಳಿಗೆ, ದಡಾರ ಮತ್ತು ರುಬೆಲ್ಲಾದ್ದು. ದಿನ ನೆನಪಿಡುವ ಹೊಣೆ ಅವರದಾಗಲಿ.

ಇನ್ನೊಂದು ಲೆಕ್ಕವೂ ಇದೆ. ನಿನ್ನ 180 ದಿನದ ಹೆರಿಗೆ ರಜೆ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. 2021ರಿಂದ ರಾಜ್ಯ ಸರಕಾರ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ ಕೊಡುತ್ತಿದೆ, ನಿಮ್ಮ ಮುಖ್ಯೋಪಾಧ್ಯಾಯರ ಬಳಿ ಈಗಲೇ ಕೇಳಿಡು. ರಜೆ ಸಿಗದೆ ಶಾಲೆಗೆ ಹೋಗಬೇಕಾಗಿ ಬಂದರೆ, ಹಾಲು ಹಿಂಡಿ ಸ್ವಚ್ಛ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದು ದಿನ ಕೆಡುವುದಿಲ್ಲ. ಅದನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕಾಸಿ ಒಳಲೆಯಲ್ಲಿ ಕುಡಿಸಬೇಕು, ಒಲೆಯ ಮೇಲೆ ಕುದಿಸಬಾರದು. ಎರಡನೇ ಪಾಳಿ ಇರುವ ವಾರ ಮಧ್ಯಾಹ್ನದವರೆಗೆ ಅವರು ಮನೆಯಲ್ಲಿಯೇ ಇರುತ್ತಾರಲ್ಲ, ಒಳಲೆ ಹಿಡಿಯುವುದನ್ನು ಈಗಿನಿಂದಲೇ ರೂಢಿ ಮಾಡಿಸು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ. ನೀರು, ಜೇನು, ಘುಟ್ಟಿ ಯಾವುದೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ. ಹಾಲು ಸಾಲುತ್ತಿಲ್ಲ ಎಂದು ಯಾರಾದರೂ ಹೆದರಿಸಿದರೆ, ದಿನಕ್ಕೆ ಆರಕ್ಕಿಂತ ಹೆಚ್ಚು ಲಂಗೋಟಿ ಒದ್ದೆಯಾಗುತ್ತಿವೆ, ತೂಕ ಏರುತ್ತಿದೆ ಎಂದು ಹೇಳು. ಒಗೆಯುವವಳಿಗಿಂತ ಆ ಲೆಕ್ಕ ಚೆನ್ನಾಗಿ ಯಾರಿಗೆ ಗೊತ್ತು?

ಫೋನಿನಲ್ಲಿ ಹೇಳಲಾಗದ ಎರಡು ಮಾತು. ಹಾಲು ಕುಡಿಸುವವರೆಗೆ ಬಸಿರು ನಿಲ್ಲುವುದಿಲ್ಲ ಎಂದು ಓಣಿಯ ಹೆಂಗಸರು ಹೇಳುತ್ತಾರೆ. ಆರು ತಿಂಗಳೊಳಗೆ, ಹಗಲು ರಾತ್ರಿ ಎದೆಹಾಲೊಂದೇ ಕುಡಿಸುತ್ತ, ಮುಟ್ಟೂ ತಿರುಗಿ ಬಂದಿಲ್ಲದಿದ್ದರೆ ಅದರಲ್ಲಿ ಹುರುಳಿದೆ. ಈ ಮೂರರಲ್ಲಿ ಒಂದು ತಪ್ಪಿದರೂ ನಂಬಬೇಡ. ಸರಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದು ಇದೆ. ಇಬ್ಬರೂ ಕೂಡಿ ಹೋಗಿ ವೈದ್ಯರನ್ನು ಕೇಳಿ. ಗಂಡ ಹೆಂಡತಿ ದೂರ ಮಲಗಿದರೆ ಆಯಿತು ಎಂಬುದು ನಮ್ಮ ಕಾಲದ ಉಪಾಯ, ಅದು ನಮ್ಮ ಕಾಲದಲ್ಲಿಯೂ ನಡೆಯಲಿಲ್ಲ. ನಿನ್ನ ತಮ್ಮನೇ ಸಾಕ್ಷಿ.

ಎರಡನೆಯದು, ನಿನ್ನ ಅಳು. ಹೆತ್ತ ಹೊಸದರಲ್ಲಿ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಈಗಲೂ ಬರುತ್ತಿದೆಯೇ? ಕೂಸು ಮಲಗಿದಾಗಲೂ ನಿನಗೆ ನಿದ್ದೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಇದ್ದರೆ ಮುಚ್ಚಿಡಬೇಡ. ನನಗೆ ಹೇಳು, ಅದಕ್ಕಿಂತ ಮೊದಲು ಅವರಿಗೆ ಹೇಳು. ವೈದ್ಯರ ಬಳಿ ಹೋಗು. ಸರಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಮರ್ಯಾದೆಯ ಪ್ರಶ್ನೆ ಎಂದು ಯಾರಾದರೂ ಅಂದರೆ ನನ್ನ ಹೆಸರು ಹೇಳು, ಉತ್ತರ ನಾನು ಕೊಡುತ್ತೇನೆ.

ಪಂಚಮಿ ಹತ್ತಿರ ಬಂತು. ಜೋಕಾಲಿಗೆ ಹಗ್ಗ ತಂದಿಡಲು ನಿಮ್ಮಪ್ಪನಿಗೆ ಹೇಳಿದ್ದೇನೆ. ಶೇಂಗಾ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು ಎಲ್ಲ ಮಾಡುತ್ತೇನೆ, ಕೊಬ್ಬರಿ ಕುಬಸವೂ ನಿನಗಾಗಿ ಕಾದಿದೆ. ಪದ್ಧತಿಯಂತೆ ಕರೆಯಲು ನಿನ್ನ ತಮ್ಮ ಬರಬೇಕು. ಆದರೆ ಈ ಸಲ ಅಳಿಯಂದಿರೇ ಕರೆದುಕೊಂಡು ಬರಲಿ, ಬಂದು ಎರಡು ದಿನ ಇಲ್ಲಿಯೇ ಉಳಿಯಲಿ. ಬಸ್ಸಿನಲ್ಲಿ ಕೂಸು ಅವರ ತೊಡೆಯ ಮೇಲೆಯೇ ಇರಲಿ, ಹಸಿದಾಗ ಮಾತ್ರ ನೀನು ಇಸಿದುಕೊ. ಬೆಳಗಿನ ಬಸ್ಸಿಗೆ ಹೊರಡಿ. ಹಿಂದಿನ ಸೀಟು ಬೇಡ, ಯರಗಟ್ಟಿಯ ಆಚೆಗೆ ರಸ್ತೆ ಈಗ ಹೇಗಿದೆಯೋ.

ಅಳಿಯಂದಿರಿಗೆ ಎಷ್ಟು ದಿನ ರಜೆ ಸಿಗುತ್ತದೆ, ಯಾವ ದಿನ ಹೊರಡುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದು ನಿನ್ನ ತಮ್ಮನ ಕೈಯಲ್ಲಿ ಕಳಿಸು. ಬಾಯಿಮಾತಿನಲ್ಲಿ ಹೇಳಿ ಕಳಿಸಬೇಡ. ಅವನು ಅರ್ಧ ಮರೆತು, ಉಳಿದ ಅರ್ಧವನ್ನು ತಾನೇ ಕೂಡಿಸಿ ಹೇಳುವವನು.

ಇಂತಿ,
ನಿನ್ನ ಅವ್ವ