ಬೀಕನ್ ಕಿಟ್ ಬಾಡಿಗೆ ಏರಿಸಿದ್ದೇಕೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪೋರ್ಟ್‌ಲ್ಯಾಂಡ್, ಹಿಲ್ಸ್‌ಬರೊ, ಬೀವರ್ಟನ್ ಕಡೆಯ ನಮ್ಮೆಲ್ಲ ಕನ್ನಡದ ಮನೆಯವರಿಗೆ ನಮಸ್ಕಾರ.

ಜಿಯೋಕ್ಯಾಷಿಂಗ್ ಎಂದರೆ ಯಾರೋ ಬಚ್ಚಿಟ್ಟ ಪೆಟ್ಟಿಗೆಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. ಬೀಕನ್ ಎಂದರೆ ಆ ಹಾದಿಯಲ್ಲಿ ಅಡಗಿಸಿಟ್ಟ, ವೈರ್‌ಲೆಸ್ ಮೂಲಕ ಸುಳಿವು ಕೊಡುವ ಪುಟ್ಟ ಸಾಧನ. ಮೇ 1ರಿಂದ ಈ ಬೀಕನ್ ಮತ್ತು ಅದನ್ನು ಓದುವ ಯಂತ್ರ ಇರುವ ಕಿಟ್‌ನ ಬಾಡಿಗೆ ದಿನಕ್ಕೆ 12 ಡಾಲರ್‌ನಿಂದ 18 ಡಾಲರ್ ಆಗುತ್ತದೆ. ಜೊತೆಗೆ 60 ಡಾಲರ್ ಠೇವಣಿ ಕೊಡಬೇಕು. ಕಿಟ್ ವಾಪಸ್ ಬಂದ ದಿನವೇ ಅದನ್ನು ಪೂರ್ತಿ ಹಿಂದಿರುಗಿಸುತ್ತೇವೆ. ಮಕ್ಕಳನ್ನು ಕರೆದುಕೊಂಡು ಪದೇ ಪದೇ ಬರುವವರಿಗೆ ಇದು ಹೊರೆಯೇ. ಅದಕ್ಕೆ ಕ್ಷಮೆ ಇರಲಿ. ಆದರೆ "ಸುಮ್ನೆ ಜಾಸ್ತಿ ಮಾಡಿದ್ದಾರೆ" ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅದರ ನೆಪ ಹೇಳಲೂ ಬರುವುದಿಲ್ಲ. ಖರ್ಚು ಇರುವುದು ಯಂತ್ರಗಳದ್ದು.

ನಾವು ಕೊಡುವ ಬೀಕನ್ ಗಾರ್ಮಿನ್ ಕಂಪನಿಯ ಚರ್ಪ್. ಅದು 2010ರಲ್ಲಿ ಬಂದಾಗ ಅದರ ಬೆಲೆ 23 ಡಾಲರ್ ಆಸುಪಾಸು. ಈಗ ಅದು ತಯಾರಾಗುತ್ತಿಲ್ಲ. ಒಂದು ಕಳೆದುಹೋದರೆ, ಯಾರಾದರೂ ಹಳೆಯ ಆಟಗಾರರು ತಮ್ಮದನ್ನು ಮಾರುವವರೆಗೆ ಕಾಯಬೇಕು. ಅವರು ಹೇಳಿದ್ದೇ ರೇಟು. ಅದನ್ನು ಓದುವ ಗಾರ್ಮಿನ್‌ನ ಕೈ ಜಿಪಿಎಸ್ ಯಂತ್ರಗಳಾದ ಡಕೋಟಾ 20, ನಮ್ಮ ರಾಜ್ಯದ ಹೆಸರೇ ಇರುವ ಒರೆಗಾನ್ 450, ಇವೂ ಅಷ್ಟೇ ಹಳೆಯವು. ಇಲ್ಲಿನ ಮಳೆಗೆ ರಬ್ಬರ್ ಸಡಿಲವಾಗಿ ಒಳಗೆ ನೀರು ಸೇರಿದರೆ ಬಿಡಿಭಾಗ ಹುಡುಕುವುದರಲ್ಲೇ ವಾರಗಟ್ಟಲೆ ಹೋಗುತ್ತದೆ. ಆದರೂ ಇವತ್ತಿನವರೆಗೆ ಕೆಟ್ಟ ಯಂತ್ರ ಕೊಟ್ಟು ಯಾರನ್ನೂ ಕಾಡಿಗೆ ಕಳಿಸಿಲ್ಲ.

ಇನ್ನು ನಾವು ಮತ್ತೆ ಮತ್ತೆ ಕೇಳುವ ಮಾತು: "ಫೋನಲ್ಲೇ ಜಿಪಿಎಸ್ ಇದೆ ಅಲ್ವಾ, ನಿಮ್ಮ ಡಬ್ಬಿ ಯಾಕೆ?"

ಮಾಮೂಲಿ ಕ್ಯಾಷ್, ಅಂದರೆ ಬಚ್ಚಿಟ್ಟ ಪೆಟ್ಟಿಗೆ, ಹುಡುಕಲು ಫೋನ್ ಸಾಕು. ಅದಕ್ಕೆಂದು ಬಂದವರಿಗೆ ಬಾಡಿಗೆ ಬೇಡ ಎಂದು ನಾವೇ ಹೇಳುತ್ತೇವೆ. ಬೀಕನ್ ವಿಷಯ ಬೇರೆ. ಚರ್ಪ್ ಬಳಸುವುದು ಬ್ಲೂಟೂತ್ ಅಲ್ಲ, ಆಂಟ್ ಎಂಬ ಇನ್ನೊಂದು ವೈರ್‌ಲೆಸ್ ವಿಧಾನ. ಐಫೋನ್‌ಗೆ ಅದು ಗೊತ್ತೇ ಆಗುವುದಿಲ್ಲ, ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಿಗೂ ಅಷ್ಟೇ. ನಮ್ಮ ಯಂತ್ರ ಹಿಡಿದು ಸುಮಾರು ಹತ್ತು ಮೀಟರ್ ಹತ್ತಿರ ಹೋದರೆ, ಬೀಕನ್‌ನಲ್ಲಿ ಬರೆದಿಟ್ಟ ಸುಳಿವು ಮತ್ತು ಮುಂದಿನ ಜಾಗದ ಅಕ್ಷಾಂಶ ರೇಖಾಂಶ ಪರದೆ ಮೇಲೆ ಬರುತ್ತವೆ. ಅದಿಲ್ಲದೆ ಆಟ ಮುಂದಕ್ಕೆ ಹೋಗುವುದಿಲ್ಲ. ಪಾರ್ಕಿಂಗ್ ಜಾಗದಲ್ಲಿ ಸಿಗ್ನಲ್ ಬರಲಿಲ್ಲ ಎಂದು ಕೆಲವರು ಬೇಜಾರು ಮಾಡಿಕೊಂಡರು. ಅಷ್ಟು ದೂರಕ್ಕೆ ಬರಬಾರದು ಎಂದೇ ಅದನ್ನು ಹಾಗೆ ಮಾಡಿರುವುದು.

ಫಾರೆಸ್ಟ್ ಪಾರ್ಕ್‌ನ ಡಗ್ಲಾಸ್ ಫರ್ ಮರಗಳ ಕೆಳಗೆ ಯಾವ ಜಿಪಿಎಸ್ ಆದರೂ ಆಚೀಚೆ ಜಾಗ ತೋರಿಸುತ್ತದೆ, ನಮ್ಮದೂ ಸೇರಿ. ಬೀಕನ್ ಉಪಯೋಗಕ್ಕೆ ಬರುವುದೇ ಅಲ್ಲಿ. ಅದು ಸಿಕ್ಕಿತು ಎಂದರೆ ನೀವು ಜಾಗದ ಹತ್ತಿರವೇ ಇದ್ದೀರಿ, ಅನುಮಾನ ಬೇಡ.

"ಹಾಗಾದರೆ ಬ್ಲೂಟೂತ್ ಬೀಕನ್ ಇಡಿ" ಎನ್ನುವವರೂ ಇದ್ದಾರೆ. ಸಾಮಾನ್ಯವಾಗಿ ಅವು ಕಳಿಸುವುದು ಒಂದು ಗುರುತಿನ ಸಂಖ್ಯೆ ಮಾತ್ರ. ಸುಳಿವು ಆ್ಯಪ್‌ನಿಂದಲೋ ಇಂಟರ್ನೆಟ್‌ನಿಂದಲೋ ಬರಬೇಕು. ಕೊಲಂಬಿಯಾ ಗಾರ್ಜ್‌ನ ಎಷ್ಟೋ ಕಡೆ ನೆಟ್‌ವರ್ಕ್ ಎಲ್ಲಿದೆ? ಚರ್ಪ್ ತನ್ನ ಸುಳಿವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ.

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಜಿಪಿಎಸ್ ಜಾಗವನ್ನು ಸರಿಯಾಗಿ ತೋರಿಸತೊಡಗಿತು. ಮೇ 3ಕ್ಕೆ ಡೇವ್ ಅಲ್ಮರ್ ಎಂಬುವರು ನಮ್ಮ ಪಕ್ಕದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟರು, ಅದೇ ಈ ಆಟದ ಮೊದಲ ಕ್ಯಾಷ್. ಈ ಆಟ ಹುಟ್ಟಿದ ಜಾಗದ ಹತ್ತಿರವೇ ನಮ್ಮ ಮಕ್ಕಳು ಬೀಕನ್ ಹಿಡಿದು ಆಡುತ್ತಾರೆ ಎನ್ನುವುದು ನಮಗೆ ದೊಡ್ಡ ಹೆಮ್ಮೆ. ಅದನ್ನು ನಿಲ್ಲಿಸಬಾರದು ಎಂದೇ ಬಾಡಿಗೆ ಏರಿಸಿದ್ದು.

ಬದಲಾಗದ್ದೂ ಇದೆ. ಹುಟ್ಟುಹಬ್ಬಕ್ಕೆ, ಕನ್ನಡ ಕೂಟದ ಪಿಕ್‌ನಿಕ್‌ಗೆ ಸುಳಿವುಗಳನ್ನು ಕನ್ನಡದಲ್ಲೇ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುತ್ತೇವೆ. ಪಾಸ್‌ವರ್ಡ್ ಇರುವುದರಿಂದ ಬೇರೆಯವರು ಅದನ್ನು ಬದಲಿಸಲಾಗದು. ಬೀಕನ್ ಒಳಗಿನ ನಾಣ್ಯದಂಥ ಸಿಆರ್ 2032 ಬ್ಯಾಟರಿಯನ್ನು ನಾವೇ ಹಾಕಿ ಕೊಡುತ್ತೇವೆ. ದಯವಿಟ್ಟು ನೀವು ತೆರೆಯಬೇಡಿ. ಪುಟ್ಟ ಮಕ್ಕಳು ಆ ಬ್ಯಾಟರಿಯನ್ನು ನುಂಗಿದರೆ ಜೀವಕ್ಕೇ ಅಪಾಯ.

ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ಬಾಡಿಗೆಯೇ, ಠೇವಣಿಯೂ ಇಲ್ಲ. ಮಗು ಬೀಕನ್ ಎಲ್ಲೋ ಬೀಳಿಸಿದರೆ ಬೈಯಬೇಡಿ, ನಮಗೊಂದು ಫೋನ್ ಮಾಡಿ. ಯಂತ್ರ ಹಿಡಿದು ನಾವೇ ಬಂದು ಹುಡುಕುತ್ತೇವೆ. ಸಿಕ್ಕಿದರೆ ಠೇವಣಿಯಿಂದ ಒಂದು ಸೆಂಟ್ ಕೂಡ ಹಿಡಿಯುವುದಿಲ್ಲ.

ಇಂತಿ,
ನಿಮ್ಮ ಅಂಗಡಿಯವರು