ಬಿಯರ್: ಬ್ರ್ಯಾಂಡ್ ಹಲವು, ಒಡೆಯರು ಕೆಲವರು

ಸಂಪಾದಕರೇ,

ಬಿಯರ್ ಬೆಲೆಯ ಕುರಿತ ಚರ್ಚೆ ಅಬಕಾರಿ ಸುಂಕದಾಚೆಗೆ ಹೋಗುವುದು ಅಪರೂಪ. ಉದ್ಯಮದ ಒಡೆತನವನ್ನು ಯಾರೂ ಪ್ರಶ್ನಿಸುವುದಿಲ್ಲ. ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಸ್ಥಾಪಿಸಲಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಯುನೈಟೆಡ್ ಬ್ರೂವರೀಸ್‌ನಲ್ಲಿ ನೆದರ್ಲೆಂಡ್ಸ್‌ನ ಹೈನೆಕೆನ್, ಸಾಲ ವಸೂಲಾತಿ ಪ್ರಕ್ರಿಯೆಯಲ್ಲಿ ಮಾರಾಟವಾದ ಷೇರುಗಳನ್ನು 2021ರ ಜೂನ್‌ನಲ್ಲಿ ಖರೀದಿಸಿ, ತನ್ನ ಪಾಲನ್ನು ಶೇ 61.5ಕ್ಕೆ ಏರಿಸಿಕೊಂಡಿತು. ‘ನಾಕೌಟ್’ ಖ್ಯಾತಿಯ ಮೈಸೂರು ಬ್ರೂವರೀಸ್ ಮೊದಲು ದಕ್ಷಿಣ ಆಫ್ರಿಕಾ ಮೂಲದ ಕಂಪನಿಯ ವಶವಾಗಿ, ಆ ಕಂಪನಿಯೇ 2016ರಲ್ಲಿ ವಿಲೀನಗೊಂಡಾಗ ಬೆಲ್ಜಿಯಂನ ಎಬಿ ಇನ್‌ಬೆವ್ ಪಾಲಾಯಿತು.

ವಿದೇಶಿ ಒಡೆತನವೇ ದೋಷವೆಂಬುದು ನನ್ನ ವಾದವಲ್ಲ. ಸ್ಪರ್ಧಿಗಳು ಬೆರಳೆಣಿಕೆಯಷ್ಟಾದಾಗ ಪರಸ್ಪರ ಮಾತನಾಡಿಕೊಂಡು ಬೆಲೆ ನಿಗದಿ ಮಾಡುವುದು ಎಷ್ಟು ಸಲೀಸು ಎಂಬುದಕ್ಕೆ ಭಾರತೀಯ ಸ್ಪರ್ಧಾ ಆಯೋಗದ 2021ರ ಸೆಪ್ಟೆಂಬರ್ ಆದೇಶವೇ ಸಾಕ್ಷಿ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಬೆಲೆ ಹೊಂದಾಣಿಕೆ ಮಾಡಿಕೊಂಡಿದ್ದಕ್ಕಾಗಿ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು ₹752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಕ್ಕೆ ಸುಮಾರು ₹121 ಕೋಟಿ ದಂಡ ವಿಧಿಸಲಾಯಿತು. ಸಂಗತಿಯನ್ನು ತಾನಾಗಿಯೇ ಬಹಿರಂಗಪಡಿಸಿದ ಎಬಿ ಇನ್‌ಬೆವ್‌ಗೆ ದಂಡದಿಂದ ಪೂರ್ಣ ವಿನಾಯಿತಿ ದೊರೆಯಿತು. ಕಾನೂನುಬದ್ಧವೇ ಆದರೂ, ಹೆಚ್ಚು ಬೆಲೆ ತೆತ್ತ ಗ್ರಾಹಕನಿಗೆ ಇದರಿಂದ ಸಮಾಧಾನವಾಗದು.

ರಾಜ್ಯದಲ್ಲಿ ಮದ್ಯದ ಸಗಟು ವಹಿವಾಟು ನಡೆಸುವುದು ಸರ್ಕಾರದ್ದೇ ಆದ ಪಾನೀಯ ನಿಗಮ. ಯಾವ ಬ್ರ್ಯಾಂಡ್ ಅಂತಿಮವಾಗಿ ಯಾರ ಒಡೆತನದಲ್ಲಿದೆ, ಪ್ರತಿ ಸಮೂಹದ ಮಾರಾಟದ ಪಾಲೆಷ್ಟು ಎಂಬ ವಿವರವನ್ನು ಅದು ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ಪ್ರಕಟಿಸಬೇಕೆಂದು ಅಬಕಾರಿ ಇಲಾಖೆಯನ್ನು ಒತ್ತಾಯಿಸುತ್ತೇನೆ.

– ಓದುಗ, ಮೈಸೂರು