ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಹಿರಿಯರಿಗೆ

ಶನಿವಾರ ಸಂಜೆ ಮಂಗಳೂರಿನ ಹಂಪನಕಟ್ಟೆಯ ಹಳೆ ಪುಸ್ತಕದಂಗಡಿಯಲ್ಲಿ ನನ್ನ ಮಗಳ ಜೊತೆ ಮಾತಾಡಿದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿದ್ದಿರಿ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಸಿನಿಮಾ ನೋಡಿ ಸ್ಪೈಡರ್‌ಮ್ಯಾನ್ ಹಚ್ಚಿಕೊಂಡವಳು. ಕಾಮಿಕ್ಸ್ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗರು "ಸ್ಪೈಡರ್‌ಮ್ಯಾನ್ ಮೊದಲು ಬಂದ 1962ರಿಂದ ಓದಿಕೊಂಡು ಬಾ" ಎಂದು ನಕ್ಕರು. ಆಮೇಲೆ ಖಳನಾಯಕರ ಹೆಸರು ಹೇಳು ಅಂತ ಪರೀಕ್ಷೆ ಬೇರೆ! ಅವಳ ಮುಖ ಬಾಡಿತು. ಕೈಲಿದ್ದ ಸಂಚಿಕೆ ಕೆಳಗಿಟ್ಟಳು. ನನಗೋ ಕಾಮಿಕ್ಸ್ ಗೊತ್ತಿಲ್ಲ.

ನೀವು ಮೂಲೆಯಿಂದ ಎದ್ದು ಬಂದಿರಿ. ಹುಡುಗರನ್ನು ಬೈಯಲಿಲ್ಲ. ಅವಳು ಕೆಳಗಿಟ್ಟ ಸಂಚಿಕೆಯನ್ನೇ ಎತ್ತಿ, ಮೇಲಿದ್ದ ಮಳೆಹನಿಯನ್ನು ಕರವಸ್ತ್ರದಿಂದ ಒರೆಸಿ ಕೊಟ್ಟಿರಿ. "ನಾನೂ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಅನ್ನು ನಡುವಿನಿಂದಲೇ ಶುರು ಮಾಡಿದ್ದು" ಎಂದಿರಿ. ಆ ಮಾತಿಗೆ ಅವಳು ತಲೆ ಎತ್ತಿದಳು.

ಮತ್ತೆ ಸ್ಟೂಲ್ ಎಳೆದು ಕೂರಿಸಿದಿರಿ. ಬ್ಯಾಟ್‌ಮ್ಯಾನ್ 1939ರಿಂದ ಬರುತ್ತಿದೆ, ಎಲ್ಲವನ್ನೂ ಸಾಲಾಗಿ ಓದಲೇಬೇಕೆಂದಿಲ್ಲ ಎಂದಿರಿ. ಒಂದೇ ಪುಸ್ತಕದಲ್ಲಿ ಮುಗಿಯುವ ಕತೆ ಮೊದಲು ಓದು ಎಂದಿರಿ. ಜಪಾನಿನ ಕಾಮಿಕ್ಸ್ ಆದ ಮಾಂಗಾವನ್ನು ಬಲದಿಂದ ಎಡಕ್ಕೆ ಓದುವುದನ್ನು ಬೆರಳಿಟ್ಟು ತೋರಿಸಿದಿರಿ. ಅಮರ ಚಿತ್ರ ಕಥೆ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು ಎಂದಾಗ ಅವಳ ಕಣ್ಣು ಅರಳಿತು. ನನಗೂ ಅದು ಗೊತ್ತಿರಲಿಲ್ಲ. ನೀವು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದಿರಿ: "ನಿಂಗೆ ಯಾವ ಚಿತ್ರ ಇಷ್ಟ ಆಯ್ತು?"

ಎದೆ ಹಗುರವಾಯಿತು ಸರ್. ಹೊಸಬರನ್ನು ಹೀಗೆ ಬರಮಾಡಿಕೊಂಡರೆ ತಾನೇ ಓದುವವರು ಜಾಸ್ತಿ ಆಗೋದು, ಅಲ್ವಾ? ಮುಂದಿನ ಶನಿವಾರವೂ ಅಲ್ಲಿಗೇ ಹೋಗೋಣ, ಆ ಹುಡುಗರಿದ್ದರೂ ಪರವಾಗಿಲ್ಲ ಎಂದು ಅವಳೇ ಹೇಳಿದ್ದಾಳೆ. ತುಂಬಾ ಥ್ಯಾಂಕ್ಸ್.